ಮನೆಗೆ ಕಳುಹಿಸುವ ಹಾಡು: ‘ಚಿಲ್ಡ್ರನ್’ ಎಂಬ ಒಂದು ಪ್ರಕರಣ

ಬಸವನಗುಡಿಯಲ್ಲಿರುವ ನನ್ನ ಎರಡು ಕೋಣೆಯ ಸ್ಟುಡಿಯೊಗೆ ಕಳೆದ ವರ್ಷ ಒಬ್ಬ ಹುಡುಗ ಬಂದ. ಹಾಸನದ ಕಡೆಯವನು. ಬೆಳ್ಳಂದೂರಿನ ಒಂದು ಕಂಪನಿಯಲ್ಲಿ ರಾತ್ರಿ ಪಾಳಿ. ಪೆನ್‌ಡ್ರೈವ್‌ನಲ್ಲಿ ಐದು ನಿಮಿಷದ ಒಂದು ನೃತ್ಯಗೀತೆ ತಂದಿದ್ದ. ಗೀತೆ ಎನ್ನುವುದೂ ತಪ್ಪೇ, ಅದರಲ್ಲಿ ಮಾತಿರಲಿಲ್ಲ. ಕೀಬೋರ್ಡಿನಲ್ಲಿ ನುಡಿಸಿದ ಒಂದು ಇಂಪಾದ ಧಾಟಿ, ಅದರ ಕೆಳಗೆ ಒಂದೇ ಸಮನೆ ಬಡಿಯುವ ಡ್ರಮ್. “ಸರ್, ಇದನ್ನು ಮಿಕ್ಸ್ ಮಾಡಿಕೊಡಿ. ಜೊತೆಗೆ ಚಾರ್ಟಿಗೆ ಹೋಗುವ ಹಾಗೆ ಏನಾದರೂ ದಾರಿ ಹೇಳಿ” ಎಂದ. ಮಿಕ್ಸಿಂಗ್, ಅಂದರೆ ಹಾಡಿನ ಬೇರೆ ಬೇರೆ ಧ್ವನಿಗಳನ್ನು ಹದವಾಗಿ ಬೆರೆಸುವುದು, ನನ್ನ ಹೊಟ್ಟೆಪಾಡು, ಅದಕ್ಕೆ ದರವಿದೆ. ಎರಡನೆಯ ಬೇಡಿಕೆಗೆ, ಅಂದರೆ ಹೆಚ್ಚು ಓಡುವ ಹಾಡುಗಳ ವಾರದ ಪಟ್ಟಿ ಸೇರುವ ದಾರಿಗೆ, ನನ್ನಲ್ಲಿ ದರಪಟ್ಟಿ ಇಲ್ಲ. ಅದಕ್ಕೆ ಬದಲಾಗಿ ಒಂದು ಹಳೆಯ ಪ್ರಕರಣವನ್ನು ಬಿಡಿಸಿ ಹೇಳಿದೆ. ಕಾಫಿ, ಜಗಳ, ಕರೆಂಟು ಹೋಗಿದ್ದು ಎಲ್ಲ ಸೇರಿ ಮೂರು ಭಾನುವಾರ ಹಿಡಿಯಿತು. ಆ ಮಾತನ್ನೇ ಇಲ್ಲಿ ಕ್ರಮವಾಗಿ ಬರೆಯಲು ಯತ್ನಿಸಿದ್ದೇನೆ.

ಪ್ರಕರಣ ರಾಬರ್ಟ್ ಮೈಲ್ಸ್ ಅವರ ‘ಚಿಲ್ಡ್ರನ್’. ಹೆಸರು ಕೇಳಿ ನೆನಪಾಗದವರಿಗೂ ಆ ಪಿಯಾನೊ ಕೇಳಿದರೆ ನೆನಪಾಗುತ್ತದೆ. ನನ್ನ ವಯಸ್ಸಿನವರು ಅದನ್ನು ಕೇಳಿದ್ದು ಕ್ಯಾಸೆಟ್‌ನಲ್ಲಿ. ನನ್ನ ಹಾಸ್ಟೆಲಿನ ಗೆಳೆಯನೊಬ್ಬನ ಬಳಿ ಯಾರೋ ತುಂಬಿಸಿಕೊಟ್ಟ ಒಂದು ಕ್ಯಾಸೆಟ್ ಇತ್ತು. ಅದರ ಮೇಲೆ ಹಾಡಿನ ಹೆಸರೂ ಇರಲಿಲ್ಲ, ಮಾಡಿದವರ ಹೆಸರೂ ಇರಲಿಲ್ಲ. ಅದರ ಅಸಲಿ ಪ್ರತಿ ಬೇಕೆಂದು ನಾವಿಬ್ಬರೂ ಬ್ರಿಗೇಡ್ ರಸ್ತೆಯ ಒಂದು ಕ್ಯಾಸೆಟ್ ಅಂಗಡಿಗೆ ಹೋದೆವು. ಮಾತಿರುವ ಹಾಡಾದರೆ ಪಲ್ಲವಿ ಹೇಳಿ ಕೇಳಬಹುದು. ಇದಕ್ಕೆ ಪಲ್ಲವಿಯೇ ಇಲ್ಲವಲ್ಲ. ಗೆಳೆಯ ಕೌಂಟರಿನ ಮುಂದೆ ನಿಂತು, ಹಿಂದೆ ಕಾಯುತ್ತಿದ್ದ ನಾಲ್ಕು ಜನರ ಎದುರಿಗೆ, ನಾಚಿಕೊಂಡು “ಟಿಂಟಿಂಟಿಂ” ಎಂದು ಗುನುಗಿದ. ಅಂಗಡಿಯವರು ತಲೆ ಎತ್ತಲೇ ಇಲ್ಲ. “ಆ ಪಿಯಾನೊದ್ದಾ? ಮುಗಿದಿದೆ, ಮುಂದಿನ ವಾರ ಬನ್ನಿ” ಎಂದರು. ಎಷ್ಟು ಜನ ಅವರ ಮುಂದೆ ಹಾಗೆಯೇ ಗುನುಗಿದ್ದರೋ ಏನೋ.

ಹಾಡು ಹುಟ್ಟಿದ ಜಾಗ

ರಾಬರ್ಟ್ ಮೈಲ್ಸ್ ಎನ್ನುವುದು ವೇದಿಕೆಯ ಹೆಸರು. ನಿಜವಾದ ಹೆಸರು ರೊಬೆರ್ತೊ ಕೊಂಚಿನಾ. ಇಟಲಿಯ ತಂದೆತಾಯಿಗೆ 1969ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಹುಟ್ಟಿ, ಇಟಲಿಯ ಈಶಾನ್ಯ ಮೂಲೆಯ ಫ್ರಿಯುಲಿ ಪ್ರದೇಶದ ಫಗಾನ್ಯ ಎಂಬ ಸಣ್ಣ ಊರಿನಲ್ಲಿ ಬೆಳೆದವರು. ಚಿಕ್ಕಂದಿನಲ್ಲಿ ಪಿಯಾನೊ ಕಲಿತರು, ಆಮೇಲೆ ಕ್ಲಬ್‌ಗಳಲ್ಲಿ ಡಿಜೆ ಆದರು. ಆ ಮೂಲೆಯಿಂದ ಆಗಿನ ಯುಗೊಸ್ಲಾವಿಯದ ಗಡಿ ದೂರವಲ್ಲ. ತೊಂಬತ್ತರ ದಶಕದ ಮೊದಲಲ್ಲಿ ಆ ದೇಶ ಯುದ್ಧದಲ್ಲಿ ಒಡೆದು ಚೂರಾಗುತ್ತಿತ್ತು.

ಈ ಹಾಡಿನ ಹುಟ್ಟಿಗೆ ಎರಡು ಕಥೆಗಳಿವೆ, ಎರಡೂ ಮೈಲ್ಸ್ ಅವರೇ ಹೇಳಿಕೊಂಡವು. ಮೊದಲನೆಯದು ತಂದೆಯದು. ನೆರವಿನ ಕೆಲಸಕ್ಕೆಂದು ಯುಗೊಸ್ಲಾವಿಯಕ್ಕೆ ಹೋಗಿಬಂದ ಅವರು ಯುದ್ಧಕ್ಕೆ ಸಿಕ್ಕ ಮಕ್ಕಳ ಚಿತ್ರಗಳನ್ನು ತಂದಿದ್ದರು. ಹಾಡಿಗೆ ‘ಚಿಲ್ಡ್ರನ್’ ಎಂಬ ಹೆಸರು ಬಂದದ್ದು ಅಲ್ಲಿಂದ. ಇದು ಮನ ಕರಗಿಸುವ ಕಥೆಯಾದ್ದರಿಂದ ಎಲ್ಲರೂ ಇದನ್ನೇ ಹೇಳುತ್ತಾರೆ.

ನನಗೆ ಎರಡನೆಯ ಕಥೆ ಹೆಚ್ಚು ಮುಖ್ಯ. ಆ ಕಾಲದ ಇಟಲಿಯಲ್ಲಿ ವಾರದ ಕೊನೆಗೆ ಒಂದು ಸಾವಿನ ಲೆಕ್ಕ ಬರುತ್ತಿತ್ತು. ಯುವಕರು ಶನಿವಾರ ರಾತ್ರಿ ಕಾರು ಹತ್ತಿ ಊರಿಂದೂರಿಗೆ ಕ್ಲಬ್ ಹುಡುಕಿಕೊಂಡು ಹೋಗುತ್ತಿದ್ದರು. ಗಂಟೆಗಟ್ಟಲೆ ಅತಿವೇಗದ, ಗಡುಸಾದ ಸಂಗೀತಕ್ಕೆ ಕುಣಿದು, ಕುಡಿದು, ನಿದ್ದೆಗೆಟ್ಟು, ಬೆಳಗಿನ ಜಾವ ಅದೇ ಕಾರಿನಲ್ಲಿ ವಾಪಸಾಗುತ್ತಿದ್ದರು. ಅದೇ ದಣಿವಿನಲ್ಲಿ, ಅದೇ ಉನ್ಮಾದದಲ್ಲಿ, ಮರಕ್ಕೋ ಲಾರಿಗೋ ಗುದ್ದುತ್ತಿದ್ದರು. ಅಲ್ಲಿನ ಪತ್ರಿಕೆಗಳು ಇದಕ್ಕೆ ‘ಶನಿವಾರ ರಾತ್ರಿಯ ನರಮೇಧ’ ಎಂದು ಹೆಸರಿಟ್ಟಿದ್ದವು. ಕ್ಲಬ್‌ಗಳನ್ನು ಬೇಗ ಮುಚ್ಚಿಸಿ ಎಂದು ತಾಯಂದಿರು ಬೀದಿಗಿಳಿದರು. ಆಗ ಮೈಲ್ಸ್ ಮತ್ತು ಅವರಂತಹ ಕೆಲವು ಡಿಜೆಗಳು ಒಂದು ಸರಳ ಉಪಾಯ ಹಿಡಿದರು. ರಾತ್ರಿಯ ಕೊನೆಯ ಹಾಡುಗಳು ಮೆತ್ತಗಿರಲಿ, ಮೈಯ ಬಿಸಿ ಇಳಿಯಲಿ, ಆಮೇಲೆ ಅವರು ಕಾರಿನ ಕೀಲಿ ಮುಟ್ಟಲಿ. ‘ಚಿಲ್ಡ್ರನ್’ ಆ ಕೊನೆಯ ಜಾಗಕ್ಕೆಂದು ಮಾಡಿದ ಹಾಡು.

ಇದನ್ನು ಹೇಳಿದಾಗ ಹುಡುಗ ಮುಖ ಸಿಂಡರಿಸಿದ. “ಅಂದರೆ ಜನ ಎದ್ದು ಹೋಗಲಿ ಎಂದು ಮಾಡಿದ ಹಾಡೇ ಸರ್?” ಎಂದ. ಹೌದಪ್ಪ, ಹಾಗೆಯೇ. ನಮ್ಮವರಿಗೆ ಇದು ಹೊಸದೇನಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳಿಗೆ ಹೋಗಿ ನೋಡು. ಮಂಡಳಿ 1939ರಿಂದ ನಡೆಸಿಕೊಂಡು ಬರುತ್ತಿರುವ ಉತ್ಸವ ಅದು. ಮುಖ್ಯ ಕೃತಿ, ತಾಳವಾದ್ಯಗಳದ್ದೇ ಸರದಿಯಾದ ತನಿ ಆವರ್ತನ ಮುಗಿದ ಮೇಲೆ ವಿದ್ವಾಂಸರು ಥಟ್ಟನೆ ನಿಲ್ಲಿಸಿ ಎದ್ದು ಹೋಗುವುದಿಲ್ಲ. ಒಂದು ದೇವರನಾಮ, ಒಂದು ತಿಲ್ಲಾನ, ಕೊನೆಗೆ ಸೌರಾಷ್ಟ್ರ ರಾಗದಲ್ಲಿ ಮಂಗಳ. ಮಂಗಳ ಶುರುವಾದೊಡನೆ ಜನ ಕುರ್ಚಿಯ ಕೆಳಗೆ ಚಪ್ಪಲಿ ತಡಕಾಡುತ್ತಾರೆ, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಾರೆ. ಅದು ಅಗೌರವವಲ್ಲ, ಮಂಗಳದ ಕೆಲಸವೇ ಅದು. ಹರಿಕಥೆಗೂ ಮಂಗಳವಿದೆ, ಯಕ್ಷಗಾನಕ್ಕೂ ಇದೆ. ಡಿಜೆಯ ರಾತ್ರಿಗೆ ಮಾತ್ರ ಮಂಗಳ ಇರಲಿಲ್ಲ. ದೀಪ ಹಾಕಿ, ಧ್ವನಿ ಆರಿಸಿ, ಹೊರಗೆ ತಳ್ಳುವುದೊಂದೇ ಗೊತ್ತಿತ್ತು. ಮೈಲ್ಸ್ ಡಿಸ್ಕೊಗೆ ಒಂದು ಮಂಗಳ ಬರೆದರು. ಈ ಪ್ರಕರಣದ ಬಗ್ಗೆ ನನಗೆ ಹೇಳಬೇಕೆನಿಸುವುದು ಮುಖ್ಯವಾಗಿ ಇಷ್ಟೇ. ಮುಂದಿನ ಪಟ್ಟಿ, ಸ್ಥಾನ, ಪ್ರಶಸ್ತಿ ಎಲ್ಲದರ ಬೇರು ಇದರಲ್ಲೇ ಇದೆ ಎಂಬುದು ನನ್ನ ನಂಬಿಕೆ.

ವೇಗ ಇಳಿಸದೆ ಇಳಿಸುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ಕಸುಬಿನ ದೃಷ್ಟಿಯಿಂದ ಇದು ಪ್ರಕರಣದ ತಿರುಳು.

ಮೆತ್ತಗಿನ ಹಾಡು ಎಂದರೆ ನಿಧಾನದ ಹಾಡು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ‘ಚಿಲ್ಡ್ರನ್’ ನಿಧಾನವಿಲ್ಲ. ನಿಮಿಷಕ್ಕೆ ಸುಮಾರು 138 ಬಡಿತ. ನಮ್ಮೂರ ಪಬ್‌ಗಳಲ್ಲಿ ಸಾಮಾನ್ಯವಾಗಿ ಕೇಳುವ ಹೌಸ್ ಸಂಗೀತ 120ರಿಂದ 128ರ ನಡುವೆ ಇರುತ್ತದೆ. ಅಂದರೆ ಜನರನ್ನು ತಣ್ಣಗಾಗಿಸಲು ಮಾಡಿದ ಹಾಡು ಮಾಮೂಲಿ ಕುಣಿತದ ಹಾಡಿಗಿಂತ ಚುರುಕು! ಹುಡುಗ ಮೊದಲು ನಂಬಲಿಲ್ಲ. ಕಂಪ್ಯೂಟರಿನಲ್ಲಿ ಬಡಿತ ಎಣಿಸಿ ತೋರಿಸಿದೆ.

ಹಾಗಾದರೆ ತಣ್ಣಗಾಗುವುದು ಹೇಗೆ? ಲಯದ ಭಾಷೆಯಲ್ಲಿ ಹೇಳುವುದಾದರೆ ತಾಳ ದ್ರುತದಲ್ಲಿದೆ, ರಾಗ ವಿಳಂಬದಲ್ಲಿದೆ. ಕೆಳಗೆ ಡ್ರಮ್ ಓಡುತ್ತಲೇ ಇರುತ್ತದೆ, ಮೇಲೆ ಪಿಯಾನೊ ಮಾತ್ರ ಯಾವ ಅವಸರವೂ ಇಲ್ಲದೆ ಹೋಗುತ್ತದೆ, ಕೆಲವೇ ಸ್ವರಗಳು, ಅವುಗಳ ನಡುವೆ ಉಸಿರಾಡಲು ಜಾಗ. ಎಫ್ ಮೈನರ್ ಶ್ರುತಿ. ನಮ್ಮ ಕರ್ನಾಟಕ ಸಂಗೀತದ ಲೆಕ್ಕದಲ್ಲಿ 20ನೇ ಮೇಳ, ಅಂದರೆ ಮೂಲರಾಗ, ಆದ ನಟಭೈರವಿಯ ಹತ್ತಿರದ ಬಣ್ಣ. ಗಮಕವಿಲ್ಲದ, ನೇರ ಸ್ವರಗಳ ನಟಭೈರವಿ ಎಂದುಕೊಳ್ಳಿ. ಜೊತೆಗೆ ಪಿಯಾನೊ ಒಂಟಿಯಾಗುವ ಜಾಗಗಳಲ್ಲಿ ಡ್ರಮ್ಮಿನ ಭಾರ ಹಿಂದೆ ಸರಿಯುತ್ತದೆ. ಕಾಲಿಗೆ ಆಸರೆ ಇಲ್ಲದಾಗ ಕುಣಿಯುವವನು ನಿಲ್ಲುತ್ತಾನೆ, ನಿಂತವನು ಕೇಳುತ್ತಾನೆ.

ಡಿಜೆಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಹಿಂದಿನ ಹಾಡಿನ ವೇಗದಿಂದ ಥಟ್ಟನೆ ಇಳಿದರೆ ಕುಣಿಯುವ ನೆಲ ಖಾಲಿಯಾಗುತ್ತದೆ, ಬೈಗುಳ ಬರುತ್ತದೆ. ಇದು ವೇಗದಲ್ಲಿ ಸಮನಾಗಿಯೇ ಬೆಸೆದುಕೊಳ್ಳುತ್ತದೆ. ಕುಣಿಯುತ್ತಿದ್ದವರಿಗೆ ತಾವು ಇಳಿಜಾರಿಗೆ ಬಂದದ್ದು ಗೊತ್ತಾಗುವ ಹೊತ್ತಿಗೆ ಅರ್ಧ ಇಳಿದಿರುತ್ತಾರೆ. ಇದು ಕೈಯಿಂದ ಕೆಲಸ ಮಾಡಿ ಕಲಿತವರ ಜಾಣತನ, ಸಂಗೀತ ಶಾಲೆಯಲ್ಲಿ ಹೇಳಿಕೊಡುವಂಥದ್ದಲ್ಲ.

ಅಂಗಡಿಯಿಂದ ಪಟ್ಟಿಗೆ

ಹಾಡು ಮೊದಲು ಹೊರಬಂದದ್ದು 1995ರ ಜನವರಿಯಲ್ಲಿ, ಇಟಲಿಯಲ್ಲಿ, ‘ಸೌಂಡ್‌ಟ್ರ್ಯಾಕ್ಸ್’ ಎಂಬ ಇಪಿಯ, ಅಂದರೆ ಕೆಲವೇ ಹಾಡುಗಳ ಸಣ್ಣ ಸಂಗ್ರಹದ, ಭಾಗವಾಗಿ. ಹೊರತಂದದ್ದು ಹೆಸರಾಂತ ಡಿಜೆ ಜೋ ಟಿ. ವನ್ನೆಲ್ಲಿ ಅವರ ಡಿಬಿಎಕ್ಸ್ ಎಂಬ ಲೇಬಲ್, ಅಂದರೆ ಧ್ವನಿಮುದ್ರಣ ಕಂಪನಿ. ಡಿಜೆಗಳು ಕೊಳ್ಳುವ ವಿನೈಲ್ ತಟ್ಟೆ ಅದು, ಮನೆಮಂದಿ ಕೊಳ್ಳುವ ಸರಕಲ್ಲ. ವನ್ನೆಲ್ಲಿ ಅದನ್ನು ಅಮೆರಿಕದ ಮಯಾಮಿಗೆ ಒಯ್ದಿದ್ದಾಗ ಬ್ರಿಟನ್ನಿನ ಪ್ಲಾಟಿಪಸ್ ಎಂಬ ಸಣ್ಣ ಲೇಬಲಿನ ಸೈಮನ್ ಬೆರಿ ಕೇಳಿದರು, ಮೆಚ್ಚಿದರು, ಬ್ರಿಟನ್ನಿಗೆ ತಂದರು. ಅಲ್ಲಿಂದ ಅದು ಡಿಕನ್‌ಸ್ಟ್ರಕ್ಷನ್ ಎಂಬ, ದೊಡ್ಡ ಕಂಪನಿಯ ಬೆನ್ನಿದ್ದ ಲೇಬಲಿಗೆ ಹೋಯಿತು. ಸಣ್ಣ ಕೈಯಿಂದ ನಡುವಿನ ಕೈಗೆ, ನಡುವಿನ ಕೈಯಿಂದ ದೊಡ್ಡ ಕೈಗೆ. ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು ಕಾಣಿಸಿಕೊಂಡದ್ದು 1996ರ ಫೆಬ್ರವರಿಯಲ್ಲಿ. ಒಂದು ವರ್ಷಕ್ಕೂ ಹೆಚ್ಚಿನ ಪಯಣ.

ಆ ವರ್ಷವನ್ನು ವಿಳಂಬ ಎನ್ನಬಾರದು. ನನ್ನ ಊಹೆ ಇದು: ರಾತ್ರಿಯ ಕೊನೆಗೆ ಬರುವ ಹಾಡಿಗೆ ಉಳಿದ ಹಾಡುಗಳಿಗಿಲ್ಲದ ಒಂದು ಬಲವಿದೆ. ನಡುರಾತ್ರಿ ಕೇಳಿದ ಇಪ್ಪತ್ತು ಹಾಡುಗಳು ಒಂದರ ಮೇಲೊಂದು ಬಿದ್ದು ಅಳಿಸಿಹೋಗುತ್ತವೆ. ಕೊನೆಯದರ ಮೇಲೆ ಬೀಳಲು ಇನ್ನೊಂದು ಹಾಡಿಲ್ಲ. ಕಿವಿಯಲ್ಲಿ ಅದನ್ನೇ ಹೊತ್ತುಕೊಂಡು ಮನೆಗೆ ಹೋಗುತ್ತೇವೆ, ಸೋಮವಾರ ಅಂಗಡಿಗೆ ಹೋಗಿ ಗುನುಗುತ್ತೇವೆ. ಬ್ರಿಗೇಡ್ ರಸ್ತೆಯಲ್ಲಿ ನನ್ನ ಗೆಳೆಯ ಮಾಡಿದ್ದೂ ಅದನ್ನೇ. ಆ ಕಾಲದ ಯುರೋಪಿನ ಹೆಚ್ಚಿನ ಪಟ್ಟಿಗಳು ಮುಖ್ಯವಾಗಿ ಅಂಗಡಿಯ ಕೌಂಟರಿನಲ್ಲಿ ಮಾರಾಟವಾದ ಪ್ರತಿಗಳನ್ನು ಎಣಿಸುತ್ತಿದ್ದವು. ಕೇಳಿದ್ದನ್ನಲ್ಲ, ದುಡ್ಡು ಕೊಟ್ಟು ಕೊಂಡದ್ದನ್ನು. ಹೆಸರು ಗೊತ್ತಿಲ್ಲದ ಹಾಡಿಗಾಗಿ ಮನೆಯಿಂದ ಹೊರಟು, ಗುನುಗಿ, ಕೊಂಡು ತರುವಷ್ಟು ತವಕ ಹುಟ್ಟಿಸಿದ ಹಾಡು ಅಂತಹ ಪಟ್ಟಿಯಲ್ಲಿ ಏರಲೇಬೇಕು.

ಏರಿತು ಕೂಡ. ಇಟಲಿ, ಜರ್ಮನಿ, ಫ್ರಾನ್ಸ್, ಸ್ವಿಟ್ಜರ್‌ಲೆಂಡ್, ಆಸ್ಟ್ರಿಯ, ಸ್ವೀಡನ್ ಸೇರಿ ಹತ್ತಕ್ಕೂ ಹೆಚ್ಚು ದೇಶಗಳಲ್ಲಿ ಮೊದಲ ಸ್ಥಾನ. ಇಡೀ ಯುರೋಪಿನ ಒಟ್ಟು ಪಟ್ಟಿಯಲ್ಲಿ 13 ವಾರ ಮೊದಲ ಸ್ಥಾನ. ಬ್ರಿಟನ್ನಿನಲ್ಲಿ ಎರಡರ ಮೇಲೆ ಹೋಗಲಿಲ್ಲ. ಮಾತಿಲ್ಲದ ಹಾಡಿಗೆ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವವರಿಲ್ಲ ಎನ್ನುವುದು ಇಲ್ಲಿ ನಿಚ್ಚಳವಾಗಿ ಕಾಣುತ್ತದೆ. ಇಟಾಲಿಯನ್ ಭಾಷೆಯಲ್ಲಿ ನಾಲ್ಕು ಸಾಲು ಇದ್ದಿದ್ದರೆ ಸ್ವೀಡನ್ನಿನಲ್ಲಿ ಇದೇ ಹಾದಿ ಸುಗಮವಿರುತ್ತಿರಲಿಲ್ಲ.

ಅಮೆರಿಕದ್ದು ಸ್ವಾರಸ್ಯದ ಸಂಗತಿ. ಅಲ್ಲಿನ ಬಿಲ್‌ಬೋರ್ಡ್‌ನ ಕ್ಲಬ್ ನೃತ್ಯದ ಪಟ್ಟಿಯಲ್ಲಿ ‘ಚಿಲ್ಡ್ರನ್’ 1ನೇ ಸ್ಥಾನ ಮುಟ್ಟಿತು, ಅದೇ ಪತ್ರಿಕೆಯ ಸಾಮಾನ್ಯ ಪಟ್ಟಿಯಾದ ಹಾಟ್ 100ರಲ್ಲಿ 21ಕ್ಕೆ ನಿಂತಿತು. ಹಾಡು ಒಂದೇ, ದೇಶ ಒಂದೇ, ಪತ್ರಿಕೆಯೂ ಒಂದೇ, ಅಂಕಿ ಮಾತ್ರ ಬೇರೆ. ಮೊದಲನೆಯದು ಕ್ಲಬ್ ಡಿಜೆಗಳು ತಾವು ಏನು ನುಡಿಸಿದೆವು, ನೆಲ ಹೇಗೆ ಸ್ಪಂದಿಸಿತು ಎಂದು ಕಳುಹಿಸುವ ವರದಿಗಳಿಂದ ಕಟ್ಟಿದ ಪಟ್ಟಿ. ಎರಡನೆಯದರಲ್ಲಿ ಮಾರಾಟದ ಜೊತೆ ರೇಡಿಯೊ ಪ್ರಸಾರವೂ ಸೇರುತ್ತದೆ. ಗಾಯಕರ ದನಿಯೇ ಇಲ್ಲದ ಹಾಡಿಗೆ ಹಗಲಿನ ರೇಡಿಯೊ ಅಷ್ಟು ಸುಲಭವಾಗಿ ಜಾಗ ಕೊಡುವುದಿಲ್ಲ. ಹಾಗಿದ್ದೂ 21 ಎನ್ನುವುದೇ ನನ್ನ ಮಟ್ಟಿಗೆ ದೊಡ್ಡದು. “ಚಾರ್ಟಿಗೆ ಹೋಗಬೇಕು” ಎಂದಿದ್ದ ಹುಡುಗನಿಗೆ ನಾನು ಇಲ್ಲೇ ತಡೆದು ಕೇಳಿದೆ: “ಯಾವ ಚಾರ್ಟಿಗಪ್ಪ? ಅದು ಏನನ್ನು ಎಣಿಸುತ್ತದೆ?” ಅವನಲ್ಲಿ ಉತ್ತರ ಇರಲಿಲ್ಲ.

ಏಳು ನಿಮಿಷ ದಾಟುವ ಮೂಲ ರೂಪವನ್ನು ರೇಡಿಯೊಗೆಂದು ಸುಮಾರು ನಾಲ್ಕು ನಿಮಿಷಕ್ಕೆ ಕತ್ತರಿಸಿದರು. ಕಪ್ಪು ಬಿಳುಪಿನ ವಿಡಿಯೊ ಬಂತು, ಅದರಲ್ಲಿ ಕಾರಿನ ಕಿಟಕಿಯಿಂದ ಹೊರಗೆ ನೋಡುತ್ತ ಹೋಗುವ ಒಂದು ಪುಟ್ಟ ಹುಡುಗಿ. ಕಾರು! ಹಾಡು ಯಾಕೆ ಹುಟ್ಟಿತೆಂದು ತಿಳಿದವರಿಗೆ ಆ ಕಾರನ್ನು ನೋಡಿದಾಗ ಬೇರೆಯೇ ಅನಿಸುತ್ತದೆ. 1996ರಲ್ಲೇ ‘ಡ್ರೀಮ್‌ಲ್ಯಾಂಡ್’ ಆಲ್ಬಂ ಬಂತು. ಅದರ ‘ಒನ್ ಅಂಡ್ ಒನ್’ ಹಾಡಿಗೆ ಮರಿಯಾ ನೇಲರ್ ದನಿ ಕೊಟ್ಟರು, ಅದೂ ಗೆದ್ದಿತು. 1997ರಲ್ಲಿ ಹೊಸ ಅಂತರರಾಷ್ಟ್ರೀಯ ಪ್ರತಿಭೆಗೆ ಕೊಡುವ ಬ್ರಿಟ್ ಪ್ರಶಸ್ತಿ ಮೈಲ್ಸ್ ಅವರಿಗೆ ಸಿಕ್ಕಿತು. ಅಷ್ಟರಲ್ಲಿ ಯುರೋಪಿನ ತುಂಬ ಪಿಯಾನೊ ಹಚ್ಚಿದ ನಕಲುಗಳು ಎದ್ದು, ಅದೇ ವೇಗದಲ್ಲಿ ಬಿದ್ದೂ ಹೋದವು. ನಕಲು ಮಾಡಿದವರು ಪಿಯಾನೊ ತೆಗೆದುಕೊಂಡರು, ರಾತ್ರಿಯ ಕೊನೆಯ ಜಾಗವನ್ನು ತೆಗೆದುಕೊಳ್ಳಲಿಲ್ಲ.

ಮೈಲ್ಸ್ ಸ್ವತಃ ಆ ದಾರಿ ಬಿಟ್ಟರು. ದೊಡ್ಡ ಲೇಬಲಿನಿಂದ ಹೊರಬಂದು ತಮ್ಮದೇ ಸಾಲ್ಟ್ ಎಂಬ ಲೇಬಲ್ ಕಟ್ಟಿ 2001ರಲ್ಲಿ ‘ಆರ್ಗಾನಿಕ್’ ತಂದರು. 2004ರಲ್ಲಿ ನಮ್ಮ ತಾಳವಾದ್ಯಗಾರ ತ್ರಿಲೋಕ್ ಗುರ್ಟು ಅವರ ಜೊತೆ ಒಂದು ಇಡೀ ಆಲ್ಬಂ ಮಾಡಿದರು. ಪಟ್ಟಿಯ ಕಡೆ ಮತ್ತೆ ತಿರುಗಿ ನೋಡಲಿಲ್ಲ. 2017ರ ಮೇ ತಿಂಗಳಲ್ಲಿ, 47ನೇ ವಯಸ್ಸಿನಲ್ಲಿ, ಇಬಿಜಾ ದ್ವೀಪದಲ್ಲಿ ತೀರಿಕೊಂಡರು.

ನಮ್ಮೂರಿನ ಒಂದು ಗಂಟೆ

ಇನ್ನು ಹುಡುಗನ ಹಾಡು.

ಬೆಂಗಳೂರಿನ ಪಬ್‌ಗಳು ರಾತ್ರಿ ಒಂದಕ್ಕೆ ಮುಚ್ಚುತ್ತವೆ. ಅಷ್ಟು ಹೊತ್ತಿಗೆ ಮೆಟ್ರೊದ ಕೊನೆಯ ರೈಲು ಹೋಗಿ ಬಹಳ ಹೊತ್ತಾಗಿರುತ್ತದೆ. ಕೋರಮಂಗಲ, ಇಂದಿರಾನಗರದ ರಸ್ತೆಗಳಲ್ಲಿ ಎಲ್ಲರೂ ಒಟ್ಟಿಗೆ ಹೊರಬಿದ್ದು, ಕ್ಯಾಬ್ ಸಿಗದೆ, ಅರ್ಧ ಜನ ತಮ್ಮದೇ ಬೈಕು, ಕಾರು ಹತ್ತುತ್ತಾರೆ. ಮುಂದಿನ ಸರ್ಕಲಿನಲ್ಲಿ ಸಂಚಾರ ಪೊಲೀಸರು ಬ್ಯಾರಿಕೇಡ್ ಇಟ್ಟು, ಊದಿಸುವ ಯಂತ್ರ ಹಿಡಿದು ನಿಂತಿರುತ್ತಾರೆ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಜೈಲಿಗೂ ಅವಕಾಶ. ಇಟಲಿಯ ಶನಿವಾರ ನಮ್ಮಲ್ಲೂ ಇದೆ, ಬೇರೆ ವೇಷದಲ್ಲಿ.

ಹುಡುಗನ ಹಾಡು 124 ಬಡಿತದ್ದು. ಒಳ್ಳೆಯ ಧಾಟಿ. ತಪ್ಪೆಂದರೆ ಅವನು ಅದನ್ನು ನಡುವಿನಲ್ಲಿ ಒಮ್ಮೆ ತೋರಿಸಿ, ತಕ್ಷಣ ಅದರ ಮೇಲೆ ಡ್ರಮ್ಮಿನ ಬಂಡೆ ಉರುಳಿಸಿದ್ದ. ಎಲ್ಲರೂ ಹಾಗೆ ಮಾಡುತ್ತಾರೆ, ಆದ್ದರಿಂದ ಅವನೂ ಮಾಡಿದ್ದ. ವೇಗ ಮುಟ್ಟಬೇಡ, ಭಾರ ಇಳಿಸೋಣ ಎಂದೆ. ಕೊನೆಯ ಒಂದೂವರೆ ನಿಮಿಷದಲ್ಲಿ ಕಿಕ್ ಡ್ರಮ್ಮಿನ ತಳದ ಗುಡುಗನ್ನು, ಸುಮಾರು 60 ಹರ್ಟ್ಸ್‌ನ ಸುತ್ತಲಿನದನ್ನು, ಫಿಲ್ಟರಿನಿಂದ ಹತ್ತು ಹತ್ತು ಸೆಕೆಂಡಿಗೆ ಸ್ವಲ್ಪ ಸ್ವಲ್ಪವೇ ಸವೆಸುತ್ತ ಬಂದೆವು. ಬಡಿತ ಇರುತ್ತದೆ, ಎದೆಗೆ ತಟ್ಟುವುದಿಲ್ಲ. ಕೊನೆಗೆ ಉಳಿಯುವುದು ಕೀಬೋರ್ಡು ಮತ್ತು ಹೈಹ್ಯಾಟ್ ಎಂಬ ತಾಳತಟ್ಟೆಯ ಟಿಕ್ ಟಿಕ್, ಪಕ್ಕದ ಮನೆಯ ಗಡಿಯಾರದ ಹಾಗೆ. ಅವನು ಹೆಡ್‌ಫೋನ್ ತೆಗೆದು “ಸಪ್ಪೆಯಾಯಿತು ಸರ್” ಎಂದ. ಅವತ್ತು ಊಟಕ್ಕೂ ನಿಲ್ಲದೆ ಹೋದ. ಬುಧವಾರ ಕಚೇರಿಯ ಕ್ಯಾಬಿನಲ್ಲಿ, ಮೂರು ಗಂಟೆ ರಾತ್ರಿಯಲ್ಲಿ, ಹೊರವರ್ತುಲ ರಸ್ತೆಯ ಖಾಲಿ ಮೇಲ್ಸೇತುವೆ ಮೇಲೆ ಅದನ್ನೇ ಕೇಳಿ, ಆ ಹೊತ್ತಿನಲ್ಲಿ ನನಗೆ ಸಂದೇಶ ಕಳುಹಿಸಿದ: “ಇದೇ ಇರಲಿ.”

ಬಿಡುಗಡೆಯ ಕೆಲಸ ವಿನೈಲಿನ ಕಾಲಕ್ಕಿಂತ ಅಗ್ಗ, ಆದರೆ ಸಲೀಸಲ್ಲ. ಹಾಡಿನ ಧ್ವನಿಮುದ್ರಣಕ್ಕೆ ಅದನ್ನು ಗುರುತಿಸುವ 12 ಅಕ್ಷರಾಂಕಿಗಳ ಐಎಸ್‌ಆರ್‌ಸಿ ಸಂಕೇತ ಬೇಕು. ರಚನೆಯ ಹಕ್ಕು ಬೇರೆ, ಮುದ್ರಣದ ಹಕ್ಕು ಬೇರೆ. ಯಾರಿಗೆ ಎಷ್ಟು ಪಾಲು ಎಂದು ಕಾಗದದ ಮೇಲೆ ಬರೆಯಬೇಕು. ಗೆಳೆಯರ ನಡುವೆ ಅದನ್ನು ಬರೆಯಲು ಎಲ್ಲರಿಗೂ ಸಂಕೋಚ. ಹಾಡು ಸೋತರೆ ಆ ಸಂಕೋಚದಿಂದ ನಷ್ಟವಿಲ್ಲ, ಗೆದ್ದರೆ ಗೆಳೆತನ ಹೋಗುತ್ತದೆ. ನಾನು ಬರೆಸಿದೆ: ನನ್ನ ಪಾಲು ಸೊನ್ನೆ, ಮಿಕ್ಸಿಂಗಿನ ಕೂಲಿ ಮಾತ್ರ. ರಚನೆಕಾರನಾಗಿ ಐಪಿಆರ್‌ಎಸ್ ಎಂಬ, ರಚನೆಕಾರರ ಗೌರವಧನ ವಸೂಲಿ ಮಾಡುವ ಸಂಸ್ಥೆಯ ಸದಸ್ಯತ್ವಕ್ಕೆ ಅರ್ಜಿ ಹಾಕಿಸಿದೆ. 2015ರ ಜುಲೈನಿಂದ ಜಗತ್ತಿನಾದ್ಯಂತ ಹೊಸ ಹಾಡುಗಳ ದಿನ ಶುಕ್ರವಾರ, ಹಾಗಾಗಿ ನಾವೂ ಒಂದು ಶುಕ್ರವಾರ ಗೊತ್ತು ಮಾಡಿದೆವು. ಪ್ಲೇಲಿಸ್ಟಿನವರ ಕಣ್ಣಿಗೆ ಬೀಳಬೇಕಾದರೆ ಆನ್‌ಲೈನ್ ಸಂಗೀತ ಸೇವೆಯಾದ ಸ್ಪಾಟಿಫೈಗೆ ಕನಿಷ್ಠ ಏಳು ದಿನ ಮೊದಲೇ ಹಾಡು ತಲುಪಿರಬೇಕು.

ತಲುಪಿತು, ಎರಡು ಹೆಸರಿನಲ್ಲಿ. ಹುಡುಗನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ ಒಂದು ‘ಎಚ್’ ಒಂದು ಕಡೆ ಇತ್ತು, ಇನ್ನೊಂದು ಕಡೆ ಇರಲಿಲ್ಲ. ಹಾಡುಗಳನ್ನು ಸೇವೆಗಳಿಗೆ ರವಾನಿಸುವ ಕಂಪನಿಯೊಂದರ ಮೂಲಕ ಹೋಗಿದ್ದೆವು. ಅವರ ವ್ಯವಸ್ಥೆ ಅವನನ್ನು ಇಬ್ಬರು ಕಲಾವಿದರೆಂದು ತಿಳಿದು ಎರಡು ಪುಟ ತೆರೆಯಿತು. ಒಂದರಲ್ಲಿ ಹಾಡಿತ್ತು, ಇನ್ನೊಂದರಲ್ಲಿ ಅವನ ಫೋಟೊ ಇತ್ತು. ಸರಿಪಡಿಸಲು ಮೂರು ವಾರ ಹಿಡಿಯಿತು, ಪ್ರತಿ ಪತ್ರಕ್ಕೂ ‘ನಿಮ್ಮ ತಾಳ್ಮೆಗೆ ಧನ್ಯವಾದ’ ಎಂಬ ಉತ್ತರ. ತಪ್ಪು ನಮ್ಮದೂ ಹೌದು. ಕೊನೆಯ ಸಲ ಓದಿ ನೋಡಬೇಕಾದವನು ನಾನೇ. ಶುಕ್ರವಾರ ಮಾತ್ರ ಕೈತಪ್ಪಿತು.

ಪಟ್ಟಿಯ ವಿಷಯ ಕೇಳುವುದೇ ಬೇಡ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಎಣಿಕೆ. ಕೊನೆಯಲ್ಲಿ ಅರಳುವ ಹಾಡಿಗೆ ಈ ಲೆಕ್ಕ ಮೊದಲೇ ಶತ್ರು, ಏಕೆಂದರೆ ಎಲ್ಲರೂ ಮೊದಲ ಅರ್ಧ ನಿಮಿಷದಲ್ಲೇ ಪಟಾಕಿ ಹಚ್ಚುತ್ತಾರೆ. 2024ರಿಂದ ಸ್ಪಾಟಿಫೈಯಲ್ಲಿ ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಹಣವೂ ಇಲ್ಲ. ಭಾರತದ ಧ್ವನಿಮುದ್ರಣ ಕಂಪನಿಗಳ ಒಕ್ಕೂಟ 2021ರಲ್ಲಿ ಶುರುಮಾಡಿದ ವಾರದ ಟಾಪ್ 20 ಪಟ್ಟಿಯಂತೂ ಅಂತರರಾಷ್ಟ್ರೀಯ ಹಾಡುಗಳಿಗಷ್ಟೇ. ಬೆಳ್ಳಂದೂರಿನಲ್ಲಿ ಹುಟ್ಟಿದ್ದಕ್ಕೆ ಅಲ್ಲಿ ಕುರ್ಚಿ ಇಲ್ಲ. ಹುಡುಗನ ಹಾಡು ಸಾವಿರದ ಗೆರೆಯನ್ನು ಏದುಸಿರು ಬಿಡುತ್ತ ದಾಟಿತು. ಲಕ್ಷದ ಗೆರೆ ಕಣ್ಣಿಗೂ ಬೀಳಲಿಲ್ಲ. ಊರಿನಲ್ಲಿ ಅವನ ತಾಯಿ ಪೂರ್ತಿ ಕೇಳಿ, “ಚೆನ್ನಾಗಿದೆ ಮಗನೇ, ಹಾಡುವವರು ಯಾವಾಗ ಬರುತ್ತಾರೆ?” ಎಂದರಂತೆ.

ಆದರೆ ಕೋರಮಂಗಲದ ಒಂದು ಪಬ್ಬಿನಲ್ಲಿ ನನ್ನ ಹಳೆಯ ಪರಿಚಯದ ಡಿಜೆ ಒಬ್ಬರಿದ್ದಾರೆ. ಅವರಿಗೆ ಫೈಲ್ ಕೊಟ್ಟು, ಹನ್ನೆರಡು ಐವತ್ತಕ್ಕೆ ಹಾಕಿ, ಬೇರೆ ಹೊತ್ತಿನಲ್ಲಿ ಬೇಡ ಎಂದು ಕೇಳಿಕೊಂಡೆ. ಮೊದಲ ಶನಿವಾರ ನಾವಿಬ್ಬರೂ ಹೋಗಿ ಮೂಲೆಯಲ್ಲಿ ನಿಂತೆವು. ಡ್ರಮ್ಮಿನ ತಳ ಸವೆಯುತ್ತ ಬಂದಂತೆ ನೆಲದ ನಡುವೆ ಕುಣಿಯುತ್ತಿದ್ದವರ ಕೈಗಳು ಮೊದಲು ಇಳಿದವು, ಆಮೇಲೆ ಹೆಜ್ಜೆಗಳು. ಒಬ್ಬಾಕೆ ನಿಂತಲ್ಲೇ ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡಳು. ನನಗೆ ಕೋಟೆ ಹೈಸ್ಕೂಲು ಮೈದಾನ ಕಣ್ಣಿಗೆ ಕಟ್ಟಿತು. ಹುಡುಗ ಮಾತ್ರ, ಯಾರೂ ಚಪ್ಪಾಳೆ ಹೊಡೆಯಲಿಲ್ಲವಲ್ಲ ಎಂದು ಪೆಚ್ಚಾಗಿದ್ದ.

ಅದು ಅಲ್ಲಿ ಉಳಿದುಕೊಂಡಿತು. ಆ ಹೊತ್ತಿಗೇ ಮೇಜುಗಳಿಗೆ ಬಿಲ್ ಹೋಗುವುದರಿಂದ ಅಲ್ಲಿನ ಸಪ್ಲೈಯರ್‌ಗಳು ಅದಕ್ಕೆ ‘ಬಿಲ್ ಹಾಡು’ ಎಂದು ಹೆಸರಿಟ್ಟರು. ತನ್ನ ಹಾಡಿಗೆ ಅವನು ತುಂಬ ಯೋಚಿಸಿ ಇಟ್ಟ ಹೆಸರು ಬೇರೆ ಇತ್ತು, ಅದನ್ನು ಅಲ್ಲಿ ಯಾರೂ ಬಲ್ಲವರಿಲ್ಲ. ಸುದ್ದಿ ಕೇಳಿ ಅವನಿಗೆ ಸಿಟ್ಟು ಬಂತು, ಎರಡು ವಾರ ನನ್ನ ಫೋನ್ ಎತ್ತಲಿಲ್ಲ.

ದಸರೆಯ ರಜೆಯಲ್ಲಿ ಆ ಡಿಜೆ ಊರಿಗೆ ಹೋದರು. ಬದಲಿಗೆ ಬಂದವರು ಒಂದು ಗಂಟೆಯವರೆಗೂ ಬಂಡೆ ಉರುಳಿಸಿ, ಥಟ್ಟನೆ ನಿಲ್ಲಿಸಿ, ದೀಪ ಹಾಕಿಸಿದರು. ಗಂಟೆ ಒಂದೂಕಾಲಾದರೂ ಮೇಜುಗಳು ಖಾಲಿಯಾಗಲಿಲ್ಲ, ಬಾಗಿಲಲ್ಲಿ ಕೂಗಾಟ, ಹೊರಗೆ ಗಸ್ತಿನ ಜೀಪು. ಆಗ ಮ್ಯಾನೇಜರ್ ನನಗೆ ಫೋನ್ ಮಾಡಿದರು. ನಿದ್ದೆಗಣ್ಣಿನಲ್ಲಿ ಎತ್ತಿದೆ. “ಸರ್, ಆ ಬಿಲ್ ಹಾಡಿನ ಫೈಲ್ ಈಗಲೇ ಕಳುಹಿಸುತ್ತೀರಾ?” ಎಂದರು. ನಾನು ಹುಡುಗನ ನಂಬರ್ ಕೊಟ್ಟು, ಅವನನ್ನೇ ಕೇಳಿ ಎಂದೆ. ರಾತ್ರಿ ಪಾಳಿ, ಎಚ್ಚರವಿದ್ದ. ಕಳುಹಿಸಿದನಂತೆ, ಫೈಲಿನ ಹೆಸರನ್ನು ‘ಬಿಲ್ ಹಾಡು’ ಎಂದು ಬದಲಾಯಿಸಿ.